ಮೂರು ಕಾಯಿ, ಒಂದು ತುಂಡು ಮರ

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯಲ್ಲಿ ಲಾನ್ಸ್ ಓ ಮೆಡೋಸ್ ಎಂಬ ಪುಟ್ಟ ಊರಿದೆ. ಊರೆಂದರೆ ಕಡಲಂಚಿನ ಒಂದಿಷ್ಟು ಮನೆಗಳು, ದಡಕ್ಕೆಳೆದ ದೋಣಿಗಳು, ಅಷ್ಟೆ. ಅಲ್ಲಿ ನೆರಳಿಗೆಂದು ಒಂದು ಮರ ಹುಡುಕಿದರೂ ಸಿಗದು. ಕಡಲ ಗಾಳಿಗೆ ಬೆನ್ನು ಬಾಗಿಸಿ, ಆಳೆತ್ತರಕ್ಕೂ ಏರದೆ ಒಂದಕ್ಕೊಂದು ಹೆಣೆದುಕೊಂಡ ಸ್ಪ್ರೂಸ್ ಮತ್ತು ಫರ್ ಗಿಡಗಳ ಪೊದೆಗಳಿವೆ. ಊರಿನವರು ಅವನ್ನು ಟಕಮೋರ್ ಎನ್ನುತ್ತಾರೆ. ಮಿಕ್ಕದ್ದೆಲ್ಲ ಹುಲ್ಲು, ಪಾಚಿ, ಕಾಲಿಟ್ಟರೆ ಮೆತ್ತಗೆ ಕುಸಿಯುವ ಜೌಗು ನೆಲ. ಆ ಜೌಗಿನಡಿ 1970ರ ದಶಕದಲ್ಲಿ ಮೂರು ಕಾಯಿ ಮತ್ತು ಒಂದು ತುಂಡು ಮರ ಸಿಕ್ಕವು. ಎರಡೂ ಆ ನೆಲದ್ದಲ್ಲ.

ಕಾಯಿಗಳು ಬಟರ್‌ನಟ್ ಮರದವು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಗ್ಲಾನ್ಸ್ ಸಿನೇರಿಯಾ. ನಮ್ಮ ದಿನಸಿ ಅಂಗಡಿಗಳಲ್ಲಿ ಸಿಗುವ ಅಕ್ರೋಟದ ದಾಯಾದಿ. ಉತ್ತರ ಅಮೆರಿಕದ ಪೂರ್ವ ಭಾಗವೇ ಇದರ ತವರು. ಈಗ ಅಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಬಟರ್‌ನಟ್ ಎಂದು ಕೇಳಿದರೆ ಕುಂಬಳದ ಜಾತಿಯ ಕಾಯಿಯೊಂದನ್ನು ಕೈಗಿಡುತ್ತಾರೆ. ಮರದ ಬಟರ್‌ನಟ್ ಎಂಬುದೊಂದಿದೆ ಎನ್ನುವುದು ಅಲ್ಲಿನ ಪೇಟೆಯ ಜನಕ್ಕೇ ಹೆಚ್ಚುಕಡಿಮೆ ಮರೆತುಹೋಗಿದೆ.

ನಾನು ಲಾನ್ಸ್ ಓ ಮೆಡೋಸ್‌ಗೆ ಹೋದದ್ದು ಕಾಯಿ ನೋಡಲೆಂದಲ್ಲ. ಹ್ಯಾಲಿಫ್ಯಾಕ್ಸ್‌ನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ, ಸೆಪ್ಟೆಂಬರಿನ ರಜೆಯಲ್ಲಿ ವೈಕಿಂಗರ ಮನೆ ತೋರಿಸುತ್ತೇನೆಂದು ಕಾರಿನಲ್ಲಿ ಕೂರಿಸಿಕೊಂಡು ಹೊರಟಿದ್ದ. ನಾರ್ತ್ ಸಿಡ್ನಿಯಿಂದ ಏಳು ತಾಸಿನ ಹಡಗು ಪ್ರಯಾಣ, ಇಳಿದಲ್ಲಿಂದ ಉತ್ತರಕ್ಕೆ ಸುಮಾರು 700 ಕಿ.ಮೀ. ದಾರಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು. ರಸ್ತೆಗೆ ಮೂಸ್ ಎಂಬ ದೊಡ್ಡ ಜಿಂಕೆ ಅಡ್ಡ ಬರುತ್ತದೆ, ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ ಎಂದು ಪೆಟ್ರೋಲ್ ಬಂಕಿನವರಿಂದ ಹಿಡಿದು ಎಲ್ಲರೂ ಹೇಳುವವರೇ.

ಈ ಜಾಗದ ಕಥೆ ಚಿಕ್ಕದು. ಐಸ್‌ಲ್ಯಾಂಡಿನ ಹಳೆಯ ಗದ್ಯಕಥನಗಳು ಪಶ್ಚಿಮದ ಕಡಲಾಚೆ ವಿನ್‌ಲ್ಯಾಂಡ್ ಎಂಬ ದ್ರಾಕ್ಷಿಯ ನಾಡಿತ್ತೆಂದು ಹೇಳುತ್ತಿದ್ದವು. ಅದು ನಿಜವೋ ಕಟ್ಟುಕಥೆಯೋ ಎಂಬ ವಾದ ನಡೆದೇ ಇತ್ತು. 1960ರಲ್ಲಿ ನಾರ್ವೆಯ ಹೆಲ್ಗೆ ಇಂಗ್‌ಸ್ಟಾಡ್ ಕರಾವಳಿಯುದ್ದಕ್ಕೂ ವಿಚಾರಿಸುತ್ತ ಬಂದಾಗ, ಇದೇ ಊರಿನ ಜಾರ್ಜ್ ಡೆಕರ್ ಎಂಬ ಮೀನುಗಾರ ಹುಲ್ಲು ಮುಚ್ಚಿದ ದಿಬ್ಬಗಳನ್ನು ತೋರಿಸಿದರು. ಮರುವರ್ಷದಿಂದ 1968ರವರೆಗೆ ಹೆಲ್ಗೆಯ ಪತ್ನಿ, ಪುರಾತತ್ವಜ್ಞೆ ಆನ್ನೆ ಸ್ಟೀನೆ ಅಲ್ಲಿ ಅಗೆಸಿದರು. ಹುಲ್ಲುಹೆಂಟೆಯಿಂದ ಕಟ್ಟಿದ ಎಂಟು ಕಟ್ಟಡಗಳ ನೆಲಗಟ್ಟು, ಕಬ್ಬಿಣ ಕಾಯಿಸಿದ ಕುಲುಮೆ, ನೂಲುವ ಕದಿರಿಗೆ ಹಾಕುವ ಕಲ್ಲಿನ ಬಿಲ್ಲೆ, ಮೇಲುಹೊದಿಕೆ ಸಿಕ್ಕಿಸುವ ಕಂಚಿನ ಪಿನ್ನು ಹೊರಬಂದವು. ಕೊಲಂಬಸನಿಗಿಂತ ಸುಮಾರು ಐದು ಶತಮಾನ ಮೊದಲೇ ಯುರೋಪಿನ ಜನ ಇಲ್ಲಿ ಒಲೆ ಹೊತ್ತಿಸಿದ್ದರು. 1978ರಲ್ಲಿ ಯುನೆಸ್ಕೊ ಮೊದಲ ಬಾರಿಗೆ ವಿಶ್ವ ಪರಂಪರೆಯ ಪಟ್ಟಿ ಮಾಡಿದಾಗ ಇದಕ್ಕೂ ಜಾಗ ಸಿಕ್ಕಿತು. 2021ರಲ್ಲಿ ವಿಜ್ಞಾನಿಗಳು ಇಸವಿಯನ್ನೇ ಹೇಳಿದರು. 993ರಲ್ಲಿ ಬಂದ ಸೌರ ಬಿರುಗಾಳಿ ಭೂಮಿಯ ಮರಗಳ ಆ ವರ್ಷದ ಉಂಗುರದಲ್ಲಿ ಗುರುತು ಬಿಟ್ಟುಹೋಗಿದೆ. ಇಲ್ಲಿ ಸಿಕ್ಕ, ಲೋಹದ ಹತಾರದಿಂದ ಕಡಿದ ಮರದ ತುಂಡುಗಳಲ್ಲಿ ಆ ಗುರುತು ಹಿಡಿದು, ಅಲ್ಲಿಂದ ತೊಗಟೆಯವರೆಗೆ ಉಂಗುರ ಎಣಿಸಿದರು. ಮರ ಕಡಿದದ್ದು 1021ರಲ್ಲಿ.

ಮನೆಗಳ ಮಗ್ಗುಲಿಗೇ ಜೌಗು. ಆ ಕಾಲದ ಬಡಗಿಗಳು ದೋಣಿ ದುರಸ್ತಿ ಮಾಡಿ ಚಕ್ಕೆ, ಚೂರು, ಮುರಿದ ಗೂಟಗಳನ್ನೆಲ್ಲ ಅದಕ್ಕೆ ಎಸೆದಿದ್ದರು. ಗಾಳಿಯಾಡದ ಹುಳಿ ನೀರಿನಲ್ಲಿ ಅವು ಕೊಳೆಯದೆ ಸಾವಿರ ವರ್ಷ ಬಿದ್ದಿದ್ದವು. ಪಾರ್ಕ್ಸ್ ಕೆನಡಾದ ಪುರಾತತ್ವಜ್ಞರು ಅದನ್ನು ಅಗೆದಾಗ ಬಟರ್‌ನಟ್ ಕಾಯಿಗಳು ಸಿಕ್ಕವು. ಜೊತೆಗೆ ಅದೇ ಮರದ ಗಂಟಿನ ಒಂದು ತುಂಡು, ಅದರ ಮೇಲೆ ಲೋಹದ ಹತಾರದ ಕೊಯ್ತ. ಈ ಮರ ನ್ಯೂಫೌಂಡ್‌ಲ್ಯಾಂಡಿನಲ್ಲಿ ಬೆಳೆಯುವುದಿಲ್ಲ, ಆಗಲೂ ಬೆಳೆಯುತ್ತಿರಲಿಲ್ಲ. ಇಲ್ಲಿಗೆ ಹತ್ತಿರದಲ್ಲಿ ಬೆಳೆಯುವುದೆಂದರೆ ಸೇಂಟ್ ಲಾರೆನ್ಸ್ ಕೊಲ್ಲಿಯಾಚೆ, ದಕ್ಷಿಣಕ್ಕಿರುವ ನ್ಯೂ ಬ್ರನ್ಸ್‌ವಿಕ್‌ನಲ್ಲಿ. ಕಾಡು ದ್ರಾಕ್ಷಿಯ ಬಳ್ಳಿ ಹಬ್ಬುವುದೂ ಅದೇ ಸೀಮೆಯಲ್ಲಿ, ಹಣ್ಣಾಗುವುದೂ ಈ ಕಾಯಿ ಬಲಿಯುವ ಹೊತ್ತಿಗೇ. ಹಾಗಾಗಿ ಇಲ್ಲಿನ ಅಗೆತವನ್ನು ಬಹುಕಾಲ ನಡೆಸಿದ ಬಿರ್ಗಿಟ್ಟಾ ವಾಲೇಸ್ ಒಂದು ಮಾತು ಮುಂದಿಟ್ಟರು: ಲಾನ್ಸ್ ಓ ಮೆಡೋಸ್ ವೈಕಿಂಗರ ತಂಗುದಾಣ ಮಾತ್ರ, ಇಲ್ಲಿಂದ ಅವರು ನ್ಯೂ ಬ್ರನ್ಸ್‌ವಿಕ್ ತೀರದವರೆಗೂ ಹೋಗಿ ಬರುತ್ತಿದ್ದರು, ಕಥನಗಳ ದ್ರಾಕ್ಷಿ ಬರಿಯ ಕಲ್ಪನೆಯಲ್ಲ. ಇಷ್ಟು ದೊಡ್ಡ ಮಾತು ನಿಂತಿರುವುದು ಕಸದ ಗುಂಡಿಯ ಮೂರು ಕಾಯಿ, ಒಂದು ತುಂಡು ಮರದ ಮೇಲೆ.

ಹಲಗೆ ಹಾಸಿದ ಕಾಲುದಾರಿಯಲ್ಲಿ ಗಾಳಿಗೆ ಟೋಪಿ ಹಿಡಿದುಕೊಂಡು ನಿಂತಿದ್ದಾಗ ಹುಡುಗ ಕೇಳಿದ: “ಏನ್ ಮಾವ, ಮೂರು ಕಾಯಿಗೆ ಇಷ್ಟು ದೂರ ಬಂದ್ವಾ?”

“ಕಾಯಿನೂ ಅಷ್ಟೇ ದೂರದಿಂದ ಬಂದಿರೋದು ಕಣೋ. ಅದರ ಮರ ಎಲ್ಲಿದೆ, ಒಂದು ಸಲ ನೋಡ್ಕೊಂಡು ಹೋಗೋಣ.”

ವಾಪಸು ದಾರಿ ಹಾಗೆ ಬದಲಾಯಿತು. ಹಡಗು ಇಳಿದ ಮೇಲೆ ಮನೆಯ ದಾರಿ ಬಿಟ್ಟು ಪಶ್ಚಿಮಕ್ಕೆ ತಿರುಗಿದೆವು. ಮಾಂಕ್ಟನ್ ದಾಟಿ, ಫ್ರೆಡೆರಿಕ್ಟನ್ ದಾಟಿ, ಸೇಂಟ್ ಜಾನ್ ನದಿಯ ದಂಡೆ ಹಿಡಿದು ಮೇಲಕ್ಕೆ. ಈ ಹೊಳೆಗೆ ಮೂಲನಿವಾಸಿಗಳು ಇಟ್ಟ ಹೆಸರು ವೊಲಾಸ್ತೊಕ್. 1604ರ ಜೂನ್ 24ರಂದು, ಸಂತ ಜಾನ್‌ನ ಹಬ್ಬದ ದಿನ, ಫ್ರೆಂಚ್ ಅನ್ವೇಷಕ ಶಾಂಪ್ಲೇನ್ ಮತ್ತು ಸಂಗಡಿಗರು ಅದರ ಮುಖಕ್ಕೆ ಬಂದು ಇನ್ನೊಂದು ಹೆಸರಿಟ್ಟರು. ವುಡ್‌ಸ್ಟಾಕ್, ಹಾರ್ಟ್‌ಲ್ಯಾಂಡ್ ಕಡೆಗೆ ಬಂದರೆ ಎರಡೂ ದಂಡೆಯಲ್ಲಿ ಆಲೂಗೆಡ್ಡೆಯ ಹೊಲಗಳು. ಹಾರ್ಟ್‌ಲ್ಯಾಂಡಿನಲ್ಲಿ ಮರದ ಸೂರು ಹೊದಿಸಿದ ಸೇತುವೆಯಿದೆ. 1901ರಲ್ಲಿ ಓಡಾಟಕ್ಕೆ ಬಿಟ್ಟದ್ದು, ಸೂರು ಹಾಕಿದ್ದು 1922ರ ಹೊತ್ತಿಗೆ. ಉದ್ದ ಸುಮಾರು 391 ಮೀಟರ್. ಈ ಬಗೆಯದರಲ್ಲಿ ಜಗತ್ತಿನಲ್ಲೇ ಉದ್ದವಾದದ್ದು. ಒಂದೇ ಗಾಡಿ ಹಿಡಿಸುವ ಅಗಲ. ಆಚೆ ಕಡೆಯಿಂದ ಗಾಡಿ ಬಂದರೆ ಈಚೆಯವರು ಕಾಯಬೇಕು.

ಈ ಕಣಿವೆಯ ಮಣ್ಣಿನಲ್ಲಿ ಸುಣ್ಣದಂಶ ಹೆಚ್ಚು. ಅದಕ್ಕೇ ಇಲ್ಲಿ ಸಕ್ಕರೆ ಮೇಪಲ್, ಬಾಸ್‌ವುಡ್, ಬಿಳಿ ಆ್ಯಶ್, ಬಟರ್‌ನಟ್ ಕೂಡಿ ಬೆಳೆಯುವ ಎಲೆಯುದುರು ಕಾಡಿತ್ತು. ಒಳ್ಳೆಯ ಮಣ್ಣಿರುವ ಕಾಡು ಎಲ್ಲಿ ತಾನೇ ಉಳಿದೀತು? ರೈತರು ಬಂದರು, ಕಾಡು ಹೊಲವಾಯಿತು. ಈಗ ಬಟರ್‌ನಟ್ ಸಿಗುವುದು ಹೊಳೆಯ ಇಳಿಜಾರಿನಲ್ಲಿ, ಬೇಲಿಸಾಲಿನಲ್ಲಿ, ನೇಗಿಲು ಹೋಗದ ಮೂಲೆಗಳಲ್ಲಿ. ವುಡ್‌ಸ್ಟಾಕ್ ಹತ್ತಿರ ಹೊಲವೊಂದರ ಯಜಮಾನರನ್ನು ವಿಚಾರಿಸಿದೆವು. ಅವರು ಟ್ರ್ಯಾಕ್ಟರ್ ನಿಲ್ಲಿಸಿ, ಇಬ್ಬರು ಕಂದು ಬಣ್ಣದ ಅಪರಿಚಿತರು ಬಟರ್‌ನಟ್ ಕೇಳಿಕೊಂಡು ಬಂದದ್ದಕ್ಕೆ ನಕ್ಕು, ತಾವೇ ಮುಂದೆ ನಡೆದರು.

ಮರ ಹೊಳೆಯ ಕಡೆಗೆ ವಾಲಿತ್ತು. ಎತ್ತರ ಹದಿನೈದು ಮೀಟರ್ ಇದ್ದೀತು. ಬುಡ ಗಿಡ್ಡ. ಆಳೆತ್ತರ ದಾಟುತ್ತಿದ್ದಂತೆ ಕೊಂಬೆಗಳು ಕವಲೊಡೆದು ಅಡ್ಡಡ್ಡ ಹರಡಿದ್ದವು. ಬೂದು ತೊಗಟೆಯ ಮೇಲೆ ಚಪ್ಪಟೆ ಏಣುಗಳು, ನಡುವೆ ಕಪ್ಪು ಬಿರುಕು. ಮೇಪಲ್‌ಗಳು ಇನ್ನೂ ಕೆಂಪಾಗುತ್ತಿದ್ದರೆ ಇದು ಆಗಲೇ ಹಳದಿಯಾಗಿ ಅರ್ಧಕ್ಕರ್ಧ ಎಲೆ ಉದುರಿಸಿತ್ತು. ವಸಂತದಲ್ಲಿ ತಡವಾಗಿ ಚಿಗುರಿ ಶರತ್ತಿನಲ್ಲಿ ಎಲ್ಲರಿಗಿಂತ ಮೊದಲೇ ಗಂಟುಮೂಟೆ ಕಟ್ಟುವ ಮರ ಇದು. ಯಜಮಾನರು ಒಂದು ರೆಂಬೆ ಬಗ್ಗಿಸಿ ತೋರಿಸಿದರು. ಎಲೆ ಕಳಚಿಕೊಂಡ ಜಾಗದಲ್ಲಿ ಉಳಿಯುವ ಕಲೆ ಕೋತಿಯ ಮುಖದ ಹಾಗಿದೆ; ಅದರ ಮೇಲಂಚಿಗೆ ನವಿರಾದ ಕಂದು ರೋಮದ ಪಟ್ಟಿ, ಹುಬ್ಬು ಬರೆದಂತೆ. ಇದರ ನಂಟನಾದ ಕರಿ ಅಕ್ರೋಟದ ಮರದಲ್ಲಿ ಈ ಹುಬ್ಬಿರುವುದಿಲ್ಲ. ರೆಂಬೆಯನ್ನು ಚಾಕುವಿನಿಂದ ಉದ್ದಕ್ಕೆ ಸೀಳಿದರು. ನಡುವಿನ ತಿರುಳು ಗಟ್ಟಿಯಾಗಿರಲಿಲ್ಲ. ಸಣ್ಣ ಸಣ್ಣ ಕೋಣೆಗಳು ಮೆಟ್ಟಿಲು ಮೆಟ್ಟಿಲಾಗಿ ಒಂದರ ಮೇಲೊಂದು, ಗಾಢ ಕಂದು ಬಣ್ಣದಲ್ಲಿ.

ಹುಲ್ಲಿನಲ್ಲಿ ಕಾಯಿ ಬಿದ್ದಿದ್ದವು. ನಿಂಬೆಯ ಆಕಾರ, ಕೊಂಚ ಉದ್ದ, ಮೇಲೆ ಹಸಿರು ಸಿಪ್ಪೆ. ಕೈಗೆತ್ತಿಕೊಂಡರೆ ಅಂಟಂಟು. ಸಿಪ್ಪೆ ಸುಲಿದರೆ ಒಳಗೆ ಕರಟದಂಥ ಗಟ್ಟಿ ಓಡು, ಅದರ ತುಂಬ ಬೆರಳಿಗೆ ಚುಚ್ಚುವ ಏಣುಗಳು. ಅಂಗಡಿಯ ಅಕ್ರೋಟದ ಹಾಗೆ ಎರಡು ಅಂಗೈ ನಡುವೆ ಒತ್ತಿ ಒಡೆಯುವ ಮಾತೇ ಇಲ್ಲ. ಕಾಯಿಯನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ ತುದಿಗೆ ಸುತ್ತಿಗೆಯಿಂದ ಬಾರಿಸಬೇಕು. ಹುಡುಗ ಬಾರಿಸಿದ ಮೊದಲನೆಯದು ಹಾರಿ ಹೊಳೆಗೆ ಬಿತ್ತು. ಯಜಮಾನರು ಹಿಂದಿನ ವರ್ಷದ ಒಣಕಾಯಿ ಒಡೆದು ಕೊಟ್ಟರು. ಓಡಿನ ಸಂದಿಯಿಂದ ಪಿನ್ನಿನಲ್ಲಿ ಕೆದಕಿ ತೆಗೆದ ತಿರುಳು ಚೂರೇ ಚೂರು. ಆದರೆ ಎಣ್ಣೆಯಂಶ ತುಂಬಿ ಮೆದು, ಸಿಹಿ. ಅಕ್ರೋಟದ ಒಗರು ಇದರಲ್ಲಿಲ್ಲ. ಇಲ್ಲಿನ ಮೂಲನಿವಾಸಿಗಳು ಕಾಯಿಯನ್ನು ಜಜ್ಜಿ ನೀರಿನಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ತೆಗೆದಿಟ್ಟು ಬೆಣ್ಣೆಯಂತೆ ಬಳಸುತ್ತಿದ್ದರು. ನ್ಯೂ ಇಂಗ್ಲೆಂಡಿಗೆ ಬಂದ ಬಿಳಿಯರು ಎಳೆಗಾಯಿಯನ್ನು ಉಪ್ಪಿನಕಾಯಿ ಹಾಕಿದರು, ಬಲಿತದ್ದನ್ನು ಮೇಪಲ್ ಸಕ್ಕರೆಯ ಜೊತೆ ಸೇರಿಸಿ ಮಿಠಾಯಿ ಮಾಡಿದರು. ಮೇಪಲ್‌ನಂತೆ ಇದರ ರಸವನ್ನೂ ಇಳಿಸಿ ಪಾಕ ಕಾಯಿಸಬಹುದು.

ಸಿಪ್ಪೆ ಮುಟ್ಟಿದ ನನ್ನ ಬೆರಳುಗಳು ಸಂಜೆಯ ಹೊತ್ತಿಗೆ ಕಂದಾಗಿದ್ದವು. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಈ ಬಣ್ಣಕ್ಕೆ ಅಮೆರಿಕದ ಇತಿಹಾಸದಲ್ಲೊಂದು ಅಧ್ಯಾಯವಿದೆ. ಹಳ್ಳಿಯ ಹೆಂಗಸರು ಸಿಪ್ಪೆ, ತೊಗಟೆ ಬೇಯಿಸಿ ಕೈನೂಲಿನ ಬಟ್ಟೆಗೆ ಬಣ್ಣ ಕಟ್ಟುತ್ತಿದ್ದರು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನಿಕರಿಗೆ ಬೂದು ಸಮವಸ್ತ್ರ ಸಾಲದೆ ಹೋದಾಗ ಮನೆಯಲ್ಲಿ ನೇಯ್ದು ಹೀಗೆ ಬಣ್ಣ ಕಟ್ಟಿದ ಬಟ್ಟೆಯೇ ಗತಿಯಾಯಿತು. ಎದುರಾಳಿಗಳು ಅವರನ್ನು ಬಟರ್‌ನಟ್‌ಗಳು ಎಂದೇ ಕರೆದರು. ಸಮವಸ್ತ್ರಕ್ಕೆ ಗತಿಯಿಲ್ಲದವರ ಬಣ್ಣ ಎನ್ನುವ ಮೂದಲಿಕೆಯೂ ಆ ಮಾತಿನಲ್ಲಿತ್ತು.

ಮರದ ಮಾತಿಗೆ ಬಂದರೆ ಅಲ್ಲೂ ಅದೇ ಎರಡನೇ ಸಾಲು. ಫ್ರೆಡೆರಿಕ್ಟನ್ ಕಡೆಗೆ ಹಿಂದಿರುಗುವಾಗ, ರಸ್ತೆ ಬದಿ ಶೆಡ್ಡಿನಲ್ಲಿ ಮರದ ಬಾತುಕೋಳಿ ಕೆತ್ತುತ್ತಿದ್ದ ಹಿರಿಯರೊಬ್ಬರ ಹತ್ತಿರ ಗಾಡಿ ನಿಲ್ಲಿಸಿದೆವು. ಮೂಲೆಯಲ್ಲಿ ಒರಗಿಸಿದ್ದ ಹಲಗೆಯನ್ನು ಎತ್ತಿ ನೋಡಿ ಎಂದರು. ಎತ್ತಿದರೆ ತೋಳು ತಾನಾಗಿ ಮೇಲೆ ಹೋಯಿತು, ಅಷ್ಟು ಹಗುರ. ಒಣಗಿದ ಬಟರ್‌ನಟ್ ಘನ ಮೀಟರಿಗೆ 430 ಕೆ.ಜಿ.ಯ ಆಸುಪಾಸು ತೂಗುತ್ತದೆ. ತೇಗವಾದರೆ 650ರ ಹತ್ತಿರ. ಗಡಸುತನದಲ್ಲಿ ಕರಿ ಅಕ್ರೋಟದ ಅರ್ಧ. ಹೊರಗಿನ ಬೆಳುಗಟ್ಟು ಹೆಚ್ಚುಕಡಿಮೆ ಬಿಳಿ, ಒಳಗಿನ ಕೆಚ್ಚು ಹಾಲು ಹೆಚ್ಚು ಬಿದ್ದ ಚಹಾದ ಬಣ್ಣ. ಬಿಳಿ ಅಕ್ರೋಟ ಎಂಬ ಇನ್ನೊಂದು ಹೆಸರು ಬಂದದ್ದು ಈ ಬಣ್ಣದಿಂದ. ಅವರು ಬಾಗು ಉಳಿಯನ್ನು ಎಳೆಗೆ ಅಡ್ಡಲಾಗಿ ಇಟ್ಟು ಬರಿಗೈಯಲ್ಲೇ ತಳ್ಳಿದರು. ಚಕ್ಕೆ ಸುರುಳಿಯಾಗಿ ಮುರಿಯದೆ ಎದ್ದುಬಂತು. ನಮ್ಮ ಚನ್ನಪಟ್ಟಣದ ಬೊಂಬೆಯವರು ಆಲೆಮರವನ್ನೇ ಬೇಕೆನ್ನುವುದು ಯಾಕೆಂದು ಬಲ್ಲವರಿಗೆ ಈ ಮರದ ಬೆಲೆಯೂ ಗೊತ್ತಾಗುತ್ತದೆ. ಕೊಯ್ದ ಜಾಗದಲ್ಲಿ ಬೆಳಕು ಬಿದ್ದರೆ ರೇಷ್ಮೆಯ ಮಿನುಗು. ಉಜ್ಜುಕಾಗದ ಹಾಕಿ ಮೇಣ ತಿಕ್ಕಿದರೆ ಸಾಕು, ಮತ್ತೇನೂ ಬೇಡ.

ಚರ್ಚುಗಳ ಪೂಜಾಪೀಠ, ಸಂತರ ಮೂರ್ತಿ, ಗೋಡೆಯ ಹಲಗೆ, ಕುದುರೆ ಗಾಡಿಯ ಒಳಮೈ, ಮನೆಯ ಬೀರು ಎಂದು ಈ ಮರ ಎಲ್ಲೆಲ್ಲೋ ಸೇರಿಹೋಗಿದೆ. ಆದರೂ ಬಟರ್‌ನಟ್ಟಿನ ಪೀಠೋಪಕರಣ ಎಂದು ಜಂಬ ಕೊಚ್ಚಿದವರು ಕಡಿಮೆ. ದೊಡ್ಡ ಮನೆಗೆ ಬೇಕಾದದ್ದು ಕರಿ ಅಕ್ರೋಟ. ಕೈ ಸಾಲದವರು ಬಟರ್‌ನಟ್ಟಿಗೆ ಕಡು ಬಣ್ಣ ಬಳಿದು ಕರಿ ಅಕ್ರೋಟವೆನ್ನಿಸುತ್ತಿದ್ದರು. ಎಳೆಯ ವಿನ್ಯಾಸ ಎರಡರಲ್ಲೂ ಒಂದೇ ಬಗೆಯದಾದ್ದರಿಂದ ಕಣ್ಣಿಗೆ ಮಣ್ಣೆರಚುವುದು ಸುಲಭ. ಕಪ್ಪು ಚರ್ಮವನ್ನು ಬಿಳುಪಾಗಿಸುವ ಕ್ರೀಮು ಮಾರುವ ದೇಶದಿಂದ ಹೋದ ನನಗೆ, ಬಿಳಿಯ ಮರ ಕಪ್ಪಾಗಿ ಮೆರೆಯಬೇಕಾದ ಸಂಗತಿ ಕೇಳಿ ನಗು ಬಂತು. ಹುಳು ಕೊರೆದು ಸಣ್ಣ ತೂತುಗಳಾದ ಬಟರ್‌ನಟ್ ಹಲಗೆಗೂ ಒಂದು ಕಾಲಕ್ಕೆ ಶೋಕಿಯ ಬೇಡಿಕೆ ಬಂತು. ಸತ್ತು ನಿಂತ ಮರಗಳಿಂದ ಅಂಥ ಹಲಗೆ ಬೇಕಾದಷ್ಟು ಸಿಗುತ್ತಿತ್ತು.

ಮರಗಳು ಸತ್ತು ನಿಂತದ್ದು ಹೇಗೆ ಎನ್ನುವುದನ್ನು ಹೊಳೆದಂಡೆಯಲ್ಲೇ ನೋಡಿಯಾಗಿತ್ತು. ಆ ಮರದ ಬುಡವನ್ನು ಒಂದು ಸುತ್ತು ಹಾಕಿದರೆ ಹಿಂಬದಿಯಲ್ಲಿ ತೊಗಟೆ ಉದ್ದುದ್ದಕ್ಕೆ ಕುಸಿದಿತ್ತು. ಬಿರುಕಿನ ನಡುವೆ ಮಸಿ ಬಳಿದಂತೆ ಕಪ್ಪು, ಅಂಚಿಗೆ ಮಾಸಲು ಬಿಳಿ. ವಸಂತದಲ್ಲಿ ಅದರಿಂದ ಕರಿ ನೀರು ಸೋರುತ್ತದೆಂದು ಯಜಮಾನರು ಹೇಳಿದರು. ಮೇಲೆ ನೋಡಿದರೆ ನೆತ್ತಿಯ ಮೂರು ದೊಡ್ಡ ಕೊಂಬೆಗಳಲ್ಲಿ ಎರಡು ಬೋಳು. ಎಲೆ ಉದುರಿ ಬೋಳಾದದ್ದಲ್ಲ, ಒಣಗಿ.

ಇದು ಬಟರ್‌ನಟ್ ಕ್ಯಾಂಕರ್. ಒಂದು ಶಿಲೀಂಧ್ರದ ಕೆಲಸ. ಮಳೆಹನಿ ಚಿಮ್ಮಿದಾಗ ಬೀಜಕಣಗಳು ಕೊಂಬೆಯಿಂದ ಕೊಂಬೆಗೆ ಹಾರುತ್ತವೆ. ಎಲೆ ಕಳಚಿದ ಕಲೆ, ಮೊಗ್ಗು, ಗಾಯ, ಎಲ್ಲಿ ಸಂದಿ ಸಿಕ್ಕರೆ ಅಲ್ಲಿ ನುಗ್ಗುತ್ತವೆ. ತೊಗಟೆಯಡಿಯ ಜೀವಂತ ಪದರ ಸಾಯುತ್ತದೆ. ಮೇಲಿನಿಂದ ತೊಳೆದುಬಂದ ಕಣಗಳು ಕಾಂಡದಲ್ಲಿ ಹುಣ್ಣಿನ ಮೇಲೆ ಹುಣ್ಣು ಎಬ್ಬಿಸಿ, ಒಂದಕ್ಕೊಂದು ಕೂಡಿ ಕಾಂಡವನ್ನು ಉಂಗುರ ಹಾಕಿದಂತೆ ಸುತ್ತಿದರೆ ಮರದ ಕಥೆ ಮುಗಿಯಿತು. ಬುಡದಿಂದ ಚಿಗುರಿದರೂ ಚಿಗುರನ್ನೂ ಬಿಡುವುದಿಲ್ಲ. ಕಾಯಿಯ ಜೊತೆಗೂ ಸಾಗಿಹೋಗುತ್ತದೆ. 1967ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಿಂದ ಮೊದಲ ವರದಿ ಬಂತು. 1979ರಲ್ಲಿ ಇದು ಹೊಸ ಶಿಲೀಂಧ್ರವೆಂದು ವಿಜ್ಞಾನಿಗಳು ಹೆಸರಿಟ್ಟರು. ಕೆನಡಾದಲ್ಲಿ 1990ರಲ್ಲಿ ಕ್ವಿಬೆಕ್, 1991ರಲ್ಲಿ ಒಂಟಾರಿಯೊ, 1997ರಲ್ಲಿ ನ್ಯೂ ಬ್ರನ್ಸ್‌ವಿಕ್ ಸರದಿ. ಶಿಲೀಂಧ್ರದ ವಂಶವಾಹಿಯಲ್ಲಿ ವೈವಿಧ್ಯ ತೀರ ಕಡಿಮೆಯಿರುವುದರಿಂದ ಇದು ಹೊರಗಿನಿಂದ ಬಂದದ್ದೆಂಬುದು ಬಲ್ಲವರ ಊಹೆ. 2005ರಲ್ಲಿ ಕೆನಡಾ ಸರ್ಕಾರ ಈ ಮರವನ್ನು ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ರೋಗವೊಂದೇ ಆಗಿದ್ದರೆ ಮರ ಹೇಗೋ ಹೆಣಗಾಡುತ್ತಿತ್ತು. ಆದರೆ ಇದು ಬಿಸಿಲಿನ ಮರ. ದೊಡ್ಡ ಮರಗಳ ನೆರಳಿನಲ್ಲಿ ಸಸಿ ಏಳುವುದಿಲ್ಲ. ಆಯಸ್ಸೂ ಕಡಿಮೆ, ಎಪ್ಪತ್ತೈದು ವರ್ಷ ದಾಟುವುದು ಅಪರೂಪ. ಫಲ ಬಿಡಲು ಇಪ್ಪತ್ತು ವರ್ಷ ಕಾಯಬೇಕು. ಅಳಿಲು ಹೂತಿಟ್ಟು ಮರೆತ ಕಾಯಿಯೇ ಇದರ ಮುಂದಿನ ಪೀಳಿಗೆ. ಈ ನಡುವೆ ರೋಗದ ಸುದ್ದಿ ಹಬ್ಬಿದಲ್ಲೆಲ್ಲ ಇನ್ನೊಂದು ಲೆಕ್ಕಾಚಾರ ಶುರುವಾಯಿತು: ಹೇಗೂ ಸಾಯುವ ಮರ, ಹಲಗೆಗೆ ಬೆಲೆಯಿರುವಾಗಲೇ ಕಡಿದು ಮಾರಿಬಿಡೋಣ. ಆರೋಗ್ಯವಾಗಿದ್ದ ಮರಗಳೂ ಗರಗಸಕ್ಕೆ ಹೋದವು. ರೋಗ ತಡೆದುಕೊಳ್ಳುವ ಗುಣ ನೂರರಲ್ಲಿ ಒಂದಕ್ಕೋ ಸಾವಿರದಲ್ಲಿ ಒಂದಕ್ಕೋ ಇದ್ದಿರಬಹುದು. ಅದು ಯಾವುದೆಂದು ತಿಳಿಯುವ ಮೊದಲೇ ಕಡಿದದ್ದು ರೋಗಕ್ಕಿಂತ ದೊಡ್ಡ ನಷ್ಟ.

ಫ್ರೆಡೆರಿಕ್ಟನ್‌ನಲ್ಲಿ ಕೆನಡಾದ ರಾಷ್ಟ್ರೀಯ ಮರಬೀಜ ಕೇಂದ್ರವಿದೆ. ಬೇರೆ ಮರಗಳ ಬೀಜವನ್ನು ಒಣಗಿಸಿ ಶೀತದಲ್ಲಿಟ್ಟರೆ ದಶಕಗಟ್ಟಲೆ ಬಾಳುತ್ತವೆ. ಬಟರ್‌ನಟ್ ಹಾಗಲ್ಲ, ಪೂರ್ತಿ ಒಣಗಿಸಿ ಹೆಪ್ಪುಗಟ್ಟಿಸಿದರೆ ಬೀಜ ಸಾಯುತ್ತದೆ. ಹಾಗಾಗಿ ಅಲ್ಲಿನ ವಿಜ್ಞಾನಿಗಳು ಕಾಯಿ ಒಡೆದು, ಬೀಜದೊಳಗಿನ ಭ್ರೂಣದ ಮೊಳಕೆಯ ಭಾಗವನ್ನಷ್ಟೇ ಬಿಡಿಸಿ ತೆಗೆದು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುವ ದಾರಿ ಕಂಡುಕೊಂಡಿದ್ದಾರೆ. ಒಂಟಾರಿಯೊದಲ್ಲಿ ರೋಗಕ್ಕೆ ಜಗ್ಗದೆ ನಿಂತ ಮರಗಳ ರೆಂಬೆ ತಂದು ಕಸಿ ಕಟ್ಟಿ ತೋಪು ಬೆಳೆಸುತ್ತಿದ್ದಾರೆ. ಈ ಕೆಲಸದಲ್ಲೊಂದು ತೊಡಕಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕನ್ನರು ತಂದು ನೆಟ್ಟ ಜಪಾನೀ ಅಕ್ರೋಟ ಊರ ಬಟರ್‌ನಟ್ಟಿನೊಂದಿಗೆ ಬೆರೆತು ಮಿಶ್ರತಳಿ ಹುಟ್ಟಿದೆ. ಅದು ಗಟ್ಟಿ, ಕಾಯಿಯೂ ಹೇರಳ, ರೋಗವನ್ನೂ ಚೆನ್ನಾಗಿ ತಾಳುತ್ತದೆ. ಆರೋಗ್ಯವಾಗಿರುವ ಬಟರ್‌ನಟ್ ಸಿಕ್ಕಿತೆಂದು ಓಡಿಹೋಗಿ ನೋಡಿದರೆ ಎಷ್ಟೋ ಸಲ ಅದು ಬೆರಕೆ. ಎಲೆ, ತೊಗಟೆ ನೋಡಿ ಹೇಳಲಾಗದೆ ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ಶುದ್ಧ ತಳಿಯನ್ನೇ ಉಳಿಸಬೇಕೆನ್ನುವವರು ಒಂದು ಕಡೆ. ಬೆರಕೆಯಾದರೂ ಸರಿ, ಕಾಡಿನಲ್ಲಿ ಈ ಮರ ಮಾಡುತ್ತಿದ್ದ ಕೆಲಸ ಉಳಿಯಲಿ ಎನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮಾತಿನಲ್ಲಿ ಹುರುಳು ಕಂಡಿತು. ಅಳಿಲು ಕಾಯಿ ಹೂಳುವಾಗ ಜಾತಿ ಕೇಳುವುದಿಲ್ಲ.

ಕಾನೂನಿನ ವಿಷಯದಲ್ಲಿ ನಮ್ಮ ಅನುಭವವೇ ಹೆಚ್ಚು ಹಳೆಯದು. ಮೈಸೂರು ಸೀಮೆಯಲ್ಲಿ ಶ್ರೀಗಂಧ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸೊತ್ತಾಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದ ಮೇಲಷ್ಟೇ ಜಮೀನಿನ ಒಡೆಯನಿಗೆ ಅದರ ಹಕ್ಕು ಸಿಕ್ಕಿತು. ಅಲ್ಲಿಯವರೆಗೆ ಹೊಲದಲ್ಲಿ ಗಂಧದ ಸಸಿ ಕಂಡರೆ ರೈತ ಹಿಗ್ಗುವ ಬದಲು ಹೆದರುತ್ತಿದ್ದ. ಒಂಟಾರಿಯೊ 2007ರಲ್ಲಿ ತಂದ ಕಾಯ್ದೆ ಖಾಸಗಿ ಜಮೀನಿನ ಬಟರ್‌ನಟ್ಟಿಗೂ ರಕ್ಷಣೆ ಕೊಟ್ಟಿತು. ಕಡಿಯುವ ಮೊದಲು ಪರಿಣತರು ಬಂದು ಮರದ ಆರೋಗ್ಯ ನೋಡಿ ವರದಿ ಕೊಡಬೇಕು, ಕಡಿದರೆ ಬದಲಿಗೆ ಸಸಿ ನೆಡಬೇಕು ಎಂದಿತು. ಉದ್ದೇಶ ಒಳ್ಳೆಯದೇ. ಆದರೆ ಮರದಿಂದ ಒಡೆಯನಿಗೆ ತಲೆನೋವು ಮಾತ್ರ ಬರುವಂತಾದರೆ ಕಾನೂನಿನ ಕಣ್ಣು ತಪ್ಪಿಸುವ ಕೊಡಲಿ ಎಲ್ಲ ದೇಶದಲ್ಲೂ ಇದೆ. ವುಡ್‌ಸ್ಟಾಕ್‌ನ ಆ ಯಜಮಾನರು ಮರ ಉಳಿಸಿಕೊಂಡದ್ದು ಕಾನೂನಿಗೆ ಅಂಜಿ ಅಲ್ಲ. ಅವರ ಅಜ್ಜಿ ಆ ಕಾಯಿ ಹಾಕಿ ಕೇಕ್ ಮಾಡುತ್ತಿದ್ದರಂತೆ, ಅದಕ್ಕೆ.

ಈ ತಿರುಗಾಟದಲ್ಲಿ ನನಗೆ ಹೊಳೆದದ್ದು ಇಷ್ಟು. ಜಗತ್ತು ಮೊದಲ ದರ್ಜೆಯ ಮರಗಳಿಗೆ ಕಾವಲುಗಾರರನ್ನಿಡುತ್ತದೆ: ಗಂಧ, ಬೀಟೆ, ಕರಿ ಅಕ್ರೋಟ. ಎರಡನೇ ದರ್ಜೆಯದಕ್ಕೆ ಅಳುವವರಿಲ್ಲ. ಬಡವರ ಬಟ್ಟೆಗೆ ಬಣ್ಣವಾಗಿ, ಚರ್ಚಿನ ಸಂತನಾಗಿ, ಅಜ್ಜಿಯ ಕೇಕಿಗೆ ರುಚಿಯಾಗಿ ಸದ್ದಿಲ್ಲದೆ ಬೆರೆತ ಮರ ಕಾಣೆಯಾದರೆ ಕಾಣೆಯಾದದ್ದು ಕೂಡ ಗೊತ್ತಾಗುವುದಿಲ್ಲ. ಹಾಗೆಂದು ಅದರ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಲ್ಲ. ಸಾವಿರ ವರ್ಷದ ಹಿಂದೆ ನಾವಿಕರು ಎಲ್ಲಿಯವರೆಗೆ ಹೋಗಿದ್ದರು ಎಂದು ಕೇಳಿದರೆ, ಅವರ ಕಂಚಿನ ಪಿನ್ನು ಅವರು ಎಲ್ಲಿಂದ ಬಂದರೆಂದು ಹೇಳೀತು. ಎಲ್ಲಿಗೆ ಹೋದರೆಂದು ಹೇಳಿದ್ದು ಈ ಕಾಯಿಯೇ.

ಟೊರಾಂಟೊ, ಒಟ್ಟಾವಾ, ವಾಟರ್ಲೂ ಕಡೆ, ಗಡಿಯಾಚೆ ಮಿಶಿಗನ್, ನ್ಯೂ ಯಾರ್ಕ್, ವರ್ಮಾಂಟ್ ಕಡೆ ಈಗ ಕನ್ನಡಿಗರು ಹಿತ್ತಲಿರುವ ಮನೆಗಳನ್ನು ಕೊಳ್ಳುತ್ತಿದ್ದಾರೆ. ಬೇಲಿಯ ಮೂಲೆಯಲ್ಲಿ ಅಂಟಂಟಾದ ನಿಂಬೆಯಾಕಾರದ ಕಾಯಿ ಉದುರಿಸುವ, ಎಲೆಯ ಕಲೆಗೆ ಹುಬ್ಬಿರುವ, ಬೂದು ತೊಗಟೆಯ ಮರವಿದ್ದರೆ, ಅಂಗಳ ಕೊಳೆಯಾಗುತ್ತದೆಂದು ಕಡಿಸಬೇಡಿ. ಕಾಯಿಯನ್ನು ದೂರದ ಊರಿಗೆ ಒಯ್ಯಬೇಡಿ, ರೋಗವೂ ಜೊತೆಗೆ ಹೋಗುತ್ತದೆ. ನಗರಸಭೆಯ ಮರತಜ್ಞರಿಗೋ ಅರಣ್ಯ ಇಲಾಖೆಗೋ ಒಂದು ಫೋನ್ ಮಾಡಿ. ಸುತ್ತಲಿನವೆಲ್ಲ ಸತ್ತು ನಿಮ್ಮದೊಂದೇ ಹಸಿರಾಗಿ ನಿಂತಿದ್ದರೆ, ಕಸಿಗೆ ರೆಂಬೆ ಬೇಕೆಂದು ಹುಡುಕುತ್ತಿರುವವರಿಗೆ ಬೇಕಾದ ಮರ ಅದೇ ಇರಬಹುದು.